ಎಡಗಡೆ ಪುಟ

ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್‌ನ ಹೊಸ ಪುಸ್ತಕಗಳ ಪಟ್ಟಿ ಬಂದರೆ ನಾನು ಮೊದಲು ಹುಡುಕೋದು ಮೂರ್ತಿ ಕ್ಲಾಸಿಕಲ್ ಲೈಬ್ರರಿ ಸರಣಿಯನ್ನ. 2015ರಲ್ಲಿ ಐದು ಪುಸ್ತಕಗಳಿಂದ ಶುರುವಾದದ್ದು; ದುಡ್ಡು ಕೊಟ್ಟವರು ರೋಹನ್ ಮೂರ್ತಿ, ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮಗ. (ಸಾಫ್ಟ್‌ವೇರ್ ದುಡ್ಡು ಬರೀ ಅಪಾರ್ಟ್‌ಮೆಂಟಿಗೇ ಹೋಗಲ್ಲ ನೋಡಿ.) ಎಡ ಪುಟದಲ್ಲಿ ಮೂಲ, ಬಲ ಪುಟದಲ್ಲಿ ಇಂಗ್ಲಿಷ್.

2017ರಲ್ಲಿ ಇದೇ ಸರಣಿಯಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ ಬಂತು, ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ. ಹರಿಶ್ಚಂದ್ರ ನಮಗೇನು ಹೊಸಬನಾ? ಜಾತ್ರೆ ನಾಟಕದಲ್ಲಿ ಚಂದ್ರಮತಿ ಅತ್ತರೆ ನಮ್ಮಜ್ಜಿಯ ಸೆರಗು ಒದ್ದೆ. ಆದರೆ ರಾಘವಾಂಕನ ಷಟ್ಪದಿ? ನಡುಗನ್ನಡ ಅಂದರೆ ನನಗೆ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಸಾರಾಂಶ ಅಷ್ಟೇ. ಬಿಇ ಸೇರಿದ ಮೇಲೆ ಅದೂ ಇಲ್ಲ. ಈಗ ಮೆಟ್ರೋದಲ್ಲಿ ಕೂತು ಮೊದಲು ಬಲ ಪುಟ ಓದ್ತೀನಿ, ಆಮೇಲೆ ಎಡಕ್ಕೆ ಬರ್ತೀನಿ. ಸ್ವಂತ ಭಾಷೆಗೆ ಇಂಗ್ಲಿಷಿನ ಊರುಗೋಲು! ನಾಚಿಕೆ ಆಗತ್ತೆ, ನಿಜ. ಆದರೂ ಅರ್ಥ ಗೊತ್ತಾದ ಮೇಲೆ ಆರು ಸಾಲಿನ ಆ ಪದ್ಯವನ್ನ ಗಟ್ಟಿಯಾಗಿ ಓದಿ ನೋಡಿ. ಮೂರನೇ, ಆರನೇ ಸಾಲು ಉದ್ದಕ್ಕೆ ಎಳೆದುಕೊಂಡು ಹೋಗುತ್ತವಲ್ಲ, ಆ ಲಯ ಬಲ ಪುಟದಲ್ಲಿ ಸಿಗಲ್ಲ.

ದೀಪಾವಳಿಗೆ ಪುಸ್ತಕ ಊರಿಗೆ ಒಯ್ದಿದ್ದೆ. ಅವ್ವನಿಗೆ ಎಡ ಪುಟ ಮಾತ್ರ ಓದಿದೆ, ತಡವರಿಸಿಕೊಂಡೇ. ಬೀನ್ಸ್ ಬಿಡಿಸ್ತಿದ್ದೋಳು ಕೈ ನಿಲ್ಲಿಸಿದಳು. 'ತಡಿ ಮಗಾ, ಹಾವು ಕಚ್ಚಿದ್ದು ಇನ್ನೊಂದ್ಸಲ ಓದು.'