ಕುಣಿಮಗ್ಗದ ಮನಿ

ಗದಗಿನ ಬೆಟಗೇರಿಯ ಆ ಮನೆಗೆ ಕದವಿತ್ತು, ಚಿಲಕವಿರಲಿಲ್ಲ. ಮಗ್ಗ ಮಾರಿ ಇಚಲಕರಂಜಿಗೆ ಪವರ್‌ಲೂಮ್ ಕೂಲಿಗೆ ಹೋದ ನೇಕಾರನೊಬ್ಬನ ಮನೆ. ಒಳಗೆ ಉಳಿದಿದ್ದು ಎರಡು ಕುಣಿ. ಒಂದು ಕಾಲಕ್ಕೆ ಅವುಗಳಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಓಡಿಸುತ್ತಿದ್ದರು. 1980ರ ಮಳೆಗಾಲದಲ್ಲಿ ಹಾಗೆ ಕೂತವರು ನಾವು ನಾಲ್ವರು: ಲಕ್ಷ್ಮೇಶ್ವರದವನು, ಶಿರಹಟ್ಟಿಯವನು, ಮುಂಡರಗಿಯವನು ಮತ್ತು ನಾನು.

ಬಾಡಿಗೆ ಕೊಡಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಅದಕ್ಕೂ ಮೊದಲು ಮೂರು ಓಣಿ ತಿರುಗಿದ್ದೆವು. ಶಿರಹಟ್ಟಿಯವನ ಜಾತಿ ತಿಳಿದ ಕೂಡಲೇ ರೂಮುಗಳೆಲ್ಲ ಹಿಂದಿನ ದಿನವೇ ಯಾರಿಗೋ ಕೊಟ್ಟಾಗಿರುತ್ತಿದ್ದವು. ಕೂಡಿ ಇರಬೇಕೆಂದರೆ ಚಿಲಕವಿಲ್ಲದ ಮನೆಯೇ ಗತಿ.

ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿ ಆಗ ಒಂದು ವರ್ಷ. ಲಂಕೇಶರ ಪತ್ರಿಕೆ ಅದೇ ವರ್ಷ ಶುರುವಾಗಿತ್ತು. ಒಂದೇ ಪ್ರತಿ ನಾಲ್ವರ ಕೈ ದಾಟಿ ಚಹಾದಂಗಡಿಗೆ ಹೋಗುವಷ್ಟರಲ್ಲಿ ಮಡಿಕೆ ಹರಿದಿರುತ್ತಿತ್ತು. ನಮ್ಮದೂ ಒಂದು ಪತ್ರಿಕೆ ಇತ್ತು, ಸೈಕ್ಲೋಸ್ಟೈಲ್ ಮಾಡಿದ ಎರಡು ಹಾಳೆ. ಕುಣಿಯ ಅಂಚೇ ಮೇಜು. ಲಕ್ಷ್ಮೇಶ್ವರದವನು ಹಲಗಿ ಬಾರಿಸುತ್ತಿದ್ದ, ತಾಳ ತಪ್ಪಿದಷ್ಟೂ ಜೋರಾಗಿ. ಮುಂಡರಗಿಯವನು ಗಡ್ಡ ಬಿಟ್ಟು, ಜೋಳಿಗೆ ಚೀಲ ಹಾಕಿಕೊಂಡು ಕರಪತ್ರ ಹಂಚಲು ಹೋದರೆ, ಒಬ್ಬ ಅಜ್ಜಿ ಜಂಗಮನೆಂದು ತಿಳಿದು ಜೋಳಿಗೆಗೆ ಒಂದು ಸೇರು ಜೋಳ ಸುರಿದಳು. ಕ್ರಾಂತಿಕಾರಿ ಬೇಡವೆನ್ನಲಿಲ್ಲ. ಆ ರಾತ್ರಿ ನಾಲ್ವರಿಗೂ ಜೋಳದ ನುಚ್ಚು.

ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಹೆಣ ಬಿದ್ದವು. ಸುದ್ದಿ ಬಂದ ರಾತ್ರಿ ಡಾಂಬರಿನ ಡಬ್ಬಿ ಹಿಡಿದು ಹೊರಟೆವು. ಬೆಳಗಾಗುವಷ್ಟರಲ್ಲಿ ನಮ್ಮ ಅಕ್ಷರಗಳು ಗೋಡೆಗಳ ಮೇಲಿದ್ದವು, ಡಾಂಬರು ನಮ್ಮ ಅಂಗಿಗಳ ಮೇಲಿತ್ತು. ಸೀಮೆಎಣ್ಣೆಯಲ್ಲಿ ಕೈ ತೊಳೆದ ಆ ವಾಸನೆ ಇವತ್ತಿಗೂ ನನಗೆ ಹರೆಯದ ವಾಸನೆ.

ಎಷ್ಟೋ ವರ್ಷಗಳ ಮೇಲೆ ಓದಿದೆ: ಲಂಡನ್ನಿನಲ್ಲೂ ಹುಡುಗರು ಹೀಗೇ ಪಾಳು ಮನೆ ಹೊಕ್ಕು ಉಳಿಯುತ್ತಿದ್ದರಂತೆ. ಜೋ ಸ್ಟ್ರಮ್ಮರ್ ಎಂಬ ಹಾಡುಗಾರ 1974ರಲ್ಲಿ ಗೆಳೆಯರೊಡನೆ ಕಟ್ಟಿದ ತಂಡಕ್ಕೆ ವಾಲ್ಟರ್ಟನ್ ರಸ್ತೆಯ ಅಂಥ ಮನೆಯ ನಂಬರೇ ಹೆಸರಾಯಿತು, 101. ಮುಂದೆ ಅವನು 'ದಿ ಕ್ಲ್ಯಾಶ್' ಸೇರಿದ. ಅವರ ಸಂಗೀತಕ್ಕೆ ಪಂಕ್ ಅಂದರು. ನಮ್ಮ ಮನೆಗೆ ನಂಬರಿರಲಿಲ್ಲ, ನಮ್ಮ ಗದ್ದಲಕ್ಕೆ ಹೆಸರಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಮನೆಯ ಯಜಮಾನ ಬಂದ. ನಾವು ಜಗಳಕ್ಕೆ ಸಜ್ಜಾಗಿಯೇ ನಿಂತೆವು. ಅವನು ಜಗಳ ತೆಗೆಯಲಿಲ್ಲ. ಚಪ್ಪಲಿ ಬಿಟ್ಟು ಕುಣಿಯ ಅಂಚಿಗೆ ಕೂತ, ಕಾಲು ಇಳಿಬಿಟ್ಟ, ಇಲ್ಲದ ಮಗ್ಗವನ್ನು ಎರಡು ಸಲ ತುಳಿದ.

"ಮನಿ ಮಾರೀನ್ರೆಪಾ. ಎಂಟು ದಿನದಾಗ ಖಾಲಿ ಮಾಡ್ರಿ."

ಹೂಂ ಅಂದೆವು. ನರಗುಂದದ ರೈತನಿಗಾಗಿ ಊರ ಗೋಡೆಗಳನ್ನೆಲ್ಲ ಕಪ್ಪು ಮಾಡಿದವರು, ಯಾರ ಕುಣಿಯಲ್ಲಿ ಕಾಲಿಟ್ಟು ಬರೆಯುತ್ತಿದ್ದೇವೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಅವನು ಹೋದ ಮೇಲೆ ಆ ಕುಣಿಗಳಲ್ಲಿ ಯಾರೂ ಕೂಡಲಿಲ್ಲ.

ಗದಗು ಈಗ ಬೇರೆಯೇ ಜಿಲ್ಲೆ, 1997ರಿಂದ. ಆ ಮನೆಯ ಜಾಗದಲ್ಲಿ ಎರಡಂತಸ್ತಿನ ಮನೆ ಎದ್ದಿದೆ. ಹೋದ ವರ್ಷ ನಾಲ್ವರೂ ಶಿರಹಟ್ಟಿಯವನ ಮನೆಯಲ್ಲಿ ಕೂಡಿದೆವು. ಗದಗಿನಲ್ಲೇ ಮನೆ ಕಟ್ಟಿದ್ದಾನೆ, ಮೇಲೆ ರೂಮುಗಳನ್ನು ಓದುವ ಹುಡುಗರಿಗೆ ಕೊಟ್ಟಿದ್ದಾನೆ. ಮಿರ್ಚಿ, ಗಿರಮಿಟ್ಟು ಮುಂದಿತ್ತು. ಮಾಳಿಗೆಯ ಮೇಲೆ ಯಾರೋ ಏನನ್ನೋ ಬಡಿಯುತ್ತಿದ್ದರು.

"ಮೂರು ತಿಂಗಳಾತು, ಬಾಡಿಗಿ ಕೊಟ್ಟಿಲ್ಲ ನೋಡು," ಅಂದ.

"ಕೇಳಬೇಕಿಲ್ಲೋ?"

ಅವನು ಮಾಳಿಗೆಯತ್ತ ನೋಡಿದ, ನಮ್ಮತ್ತ ನೋಡಿದ. "ಯಾವ ಬಾಯಿಲೆ ಕೇಳ್ಲಿ?" ಅಂದ.