ಗೋಡೆಗೂ ಶೀತವಾಗುವ ಊರು

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ದಾಟಿ ಆಗುಂಬೆಯತ್ತ ಹೊರಟ ಬಸ್ಸಿನಲ್ಲಿ ಕಿಟಕಿ ತೆರೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರದು. ನೋಡಲು ಬಂದವರು ಮಂಜಿನಲ್ಲಿ ನಿಂತು, ಬಿಸಿ ಕಾಫಿ ಕುಡಿದು ಘಾಟಿ ಇಳಿಯುತ್ತಾರೆ. ಇಲ್ಲೇ ಬಾಳುವವರಿಗೆ ಮಾತ್ರ ಚಪ್ಪಲಿಗೂ ಬೂಷ್ಟು, ಪುಸ್ತಕದ ರಟ್ಟಿಗೂ ಬೂಷ್ಟು.

ಹಿಂದಿನವರು ಇದನ್ನು ಬಲ್ಲವರಾಗಿದ್ದರು. ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಹೆಸರಾದ ಆಗುಂಬೆಯ ದೊಡ್ಡಮನೆಯನ್ನೇ ನೋಡಿ. ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಇಳಿಜಾರು ಹಂಚಿನ ಮಾಡು. ಮಲೆನಾಡಿನ ಮನೆಗಳಲ್ಲಿ ಮಳೆ ಬಡಿಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಬಚ್ಚಲ ಒಲೆಯ ಬೆಂಕಿ ಆರುತ್ತಿರಲಿಲ್ಲ. ಮಳೆ ಹೊರಗೇ ಉಳಿಯುತ್ತಿತ್ತು.

ಓದಲು ಬಂದ ಮಕ್ಕಳು ಹಿಡಿಯುವ ಪೇಟೆಯ ಬಾಡಿಗೆ ಕೋಣೆಗಳ ಕಥೆ ಬೇರೆ. ತಾರಸಿ ಸೋರುತ್ತದೆ, ಕಿಟಕಿ ಸದಾ ಮುಚ್ಚಿರುತ್ತದೆ, ಒಳಗೇ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಹಾಕುತ್ತಾರೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇವೆ. ಅವಕ್ಕೆ ಬೇಕಾದದ್ದು ತೇವ ಮಾತ್ರ. ಮಂಚದ ಹಿಂದಿನ ಮೂಲೆಯಲ್ಲಿ ಮೊದಲು ಕಪ್ಪು ಚುಕ್ಕೆ, ಆಮೇಲೆ ಅಂಗೈಯಗಲದ ಕಲೆ.

ಇದು ಬರೀ ಅಂದಗೇಡಿನ ಮಾತಲ್ಲ. ತೇವ ಮತ್ತು ಬೂಷ್ಟು ಹಿಡಿದ ಕಟ್ಟಡಗಳಲ್ಲಿ ವಾಸಿಸುವವರಿಗೆ ಕೆಮ್ಮು, ಮೂಗಿನ ಅಲರ್ಜಿ, ಉಸಿರಾಟದ ಸೋಂಕು, ಆಸ್ತಮಾ ಕಾಡುವ ಅಪಾಯ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮೊದಲೇ ಉಬ್ಬಸವಿದ್ದವರಿಗೆ ಅದು ಉಲ್ಬಣಿಸುತ್ತದೆ.

ತಂದೆತಾಯಿಯರು ಗಮನಿಸಬೇಕಾದ ಸುಳಿವೊಂದಿದೆ. ಕೋಣೆಯಲ್ಲಿ ಬಿಡದ ಕೆಮ್ಮು ರಜೆಗೆ ಮನೆಗೆ ಬಂದಾಗ ಇಳಿದು, ಮರಳಿದೊಡನೆ ಮತ್ತೆ ಶುರುವಾಗುವುದೇ? ಹಾಗಿದ್ದರೆ ವೈದ್ಯರಿಗೆ ಕೋಣೆಯ ವಿಷಯವನ್ನೂ ತಿಳಿಸಿ. ಬಾಡಿಗೆ ಮಾತಾಡುವ ಮುನ್ನ ಮಂಚ ಸರಿಸಿ ಗೋಡೆ ನೋಡಿ, ವಾಸನೆ ಹಿಡಿಯಿರಿ. ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಅಡಗುತ್ತದೆಯೇ ಹೊರತು ಹೋಗುವುದಿಲ್ಲ. ಸಣ್ಣ ಕಲೆಯಾದರೆ ಮೂಗು ಬಾಯಿ ಮುಚ್ಚಿಕೊಂಡು ಸಾಬೂನು ನೀರಿನಲ್ಲಿ ಒರೆಸಿ ಒಣಗಿಸಬಹುದು. ಸೋರುವುದನ್ನು ನಿಲ್ಲಿಸುವುದು ಮನೆ ಮಾಲೀಕರ ಕೆಲಸ. ಅದನ್ನು ಕೇಳಲು ಸಂಕೋಚ ಬೇಡ.

ಮಳೆ ಬಿಟ್ಟ ಗಳಿಗೆಯಲ್ಲಿ ಕಿಟಕಿ ತೆರೆಯಿರಿ, ಹಾಸಿಗೆಯನ್ನು ಗೋಡೆಯಿಂದ ಒಂದು ಗೇಣು ದೂರವಿಡಿ. ಮಲೆನಾಡಿನ ಮಳೆಯನ್ನು ನಿಲ್ಲಿಸಲಾಗದು. ಅದು ಮಕ್ಕಳ ಎದೆಯೊಳಗೆ ಇಳಿಯದಂತೆ ತಡೆಯಬಹುದು.