ಕುದುರೆಯಂತೆ ಹಾರಿದ ರಾಜ

ಕೊಳ್ಳೇಗಾಲದ ನಮ್ಮ ಹಳೆಯ ಮನೆಯ ಜಗುಲಿಯ ಕಲ್ಲಿನಲ್ಲಿ 64 ಮನೆಗಳ ಚದುರಂಗದ ಹಾಸು ಕೊರೆದಿದೆ. ನಮ್ಮ ತಾತನವರು ನಮಗೆ ಆಟ ಕಲಿಸಿದ್ದು ಅದರ ಮೇಲೆಯೇ. ಅವರ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಶಹ ಬೀಳದ ರಾಜನು ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು. ಇದು ನಮ್ಮ ದೇಶದ ಹಿಂದಿನ ಕ್ರಮ. ಕುದುರೆಯೊಂದನ್ನು 64 ಮನೆಗಳಲ್ಲೂ ಸುತ್ತಿಸುವ ಚಮತ್ಕಾರಗಳನ್ನು ರಚಿಸಿದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794-1868) ಹೆಸರನ್ನು ತಾತನವರು ಭಕ್ತಿಯಿಂದ ಹೇಳುತ್ತಿದ್ದರು.

ಹನೂರಿಗೆ ಕೊಟ್ಟಿರುವ ಮಗಳ ಮಗುವಿಗೆ ನಾವೂ ಅದನ್ನೇ ಹೇಳಿಕೊಟ್ಟೆವು. 2023ರಲ್ಲಿ ಯಳಂದೂರಿನಲ್ಲಿ ಮಕ್ಕಳ ಪಂದ್ಯವೆಂದು ತಿಳಿದು, ಹೆಮ್ಮೆಯಿಂದ ಕರೆದೊಯ್ದೆವು.

ಎದುರಾಳಿ ಬಾಲಕನು ಬಿಳಿಯ ಕಾಲಾಳುಗಳನ್ನು ಎರಡೆರಡು ಮನೆ ನುಗ್ಗಿಸಿದನು. ಮೊಮ್ಮಗಳು ಅಳುಕಲಿಲ್ಲ. ಕುದುರೆಯನ್ನು ಹೊರತಂದು, ಪಕ್ಕದ ಕಾಲಾಳನ್ನು ಒಂದೇ ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ನಿಲ್ಲಿಸಿದಳು. 19ನೆಯ ಶತಮಾನದ ನಡುವೆ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬಂದ್ಯೋಪಾಧ್ಯಾಯರು ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಎದುರು ಇಂತಹ ಆರಂಭಗಳನ್ನೇ ಆಡಿದ್ದರು. ಜಗತ್ತು ಇವುಗಳನ್ನು ‘ಇಂಡಿಯನ್ ಡಿಫೆನ್ಸ್’ ಎಂದು ಕರೆಯುತ್ತದೆ.

ಬಳಿಕ ಅವಳು ರಾಜನನ್ನೆತ್ತಿ ಕುದುರೆಯಂತೆ ಹಾರಿಸಿದಳು. ತೀರ್ಪುಗಾರರು ತಡೆದರು: “ಈ ನಡೆ ಇಲ್ಲಮ್ಮ. ಮುಟ್ಟಿದ ರಾಜನನ್ನೇ ನಡೆಸಬೇಕು.” ಅವಳು ರಾಜನನ್ನು ಪಕ್ಕದ ಮನೆಗೆ ಸರಿಸಿದಳು; ಮೂಲೆಯ ಆನೆ ಅಲ್ಲಿಯೇ ಸೆರೆಯಾಯಿತು. ಆ ಕ್ಷಣದಲ್ಲಿ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಭದ್ರಪಡಿಸಲು ದಾರಿ ತೆರೆದೇ ಇತ್ತು. ಆದರೆ ಆ ನಡೆಯನ್ನು ನಾವು ಕಲಿಸಿಯೇ ಇರಲಿಲ್ಲ. ಆಟ ಸೋತಿತು.

ಹನೂರಿನ ಮನೆಯಲ್ಲಿ ತಾಯಿ ಕೇಳಿದಾಗ ಮಗು, “ನಾನೇ ನಿಯಮ ಮರೆತೆನಮ್ಮ,” ಎಂದಿತು. ನಮ್ಮತ್ತ ತಿರುಗಿಯೂ ನೋಡಲಿಲ್ಲ. ಅಳಿಯಂದಿರು, ಬೀಗರು ಎಲ್ಲರೂ ಕುಳಿತಿದ್ದರು. ಸುಮ್ಮನಿದ್ದಿದ್ದರೆ ನಮ್ಮ ಮರ್ಯಾದೆ ಉಳಿಯುತ್ತಿತ್ತು. ಆದರೆ ಆ ಎಳೆಯ ಹೆಗಲ ಮೇಲೆ ನಮ್ಮ ಅಜ್ಞಾನವನ್ನು ಹೊರಿಸಲು ಮನಸ್ಸು ಒಪ್ಪಲಿಲ್ಲ. “ತಪ್ಪು ಮಗುವಿನದಲ್ಲ, ನಮ್ಮದು,” ಎಂದೆವು.

ಮುಂದಿನ ರಜೆಗೆ ಬಂದ ಮೊಮ್ಮಗಳು, “ತಾತ, ರಾಜ ಎರಡು ಮನೆ, ಆನೆ ಅದನ್ನ ದಾಟಿ ಈ ಕಡೆ,” ಎಂದು ಅದೇ ಜಗುಲಿಯ ಮೇಲೆ ನಮಗೆ ಕ್ಯಾಸ್ಲಿಂಗ್ ಕಲಿಸಿದಳು. ಹಿರಿಯರಿಂದ ಬಂದದ್ದರಲ್ಲಿ ಆರಂಭ ನಮಗೆ ಇಂದಿಗೂ ಸಲ್ಲುತ್ತದೆ. ರಾಜನ ಹಾರಾಟ ಸಲ್ಲದು. ಯಾವುದು ಸಲ್ಲುವುದೆಂದು ಮಕ್ಕಳಿಗೆ ಹೇಳುವ ಮೊದಲು ವಿಚಾರಿಸಿ ತಿಳಿಯುವುದು ಹಿರಿಯರಾದ ನಮಗೆ ಲೇಸು.